ಹತ್ತು ಕ್ಷಿಪಣಿ, ಒಂದು ರಾಡಾರ್: ಪೋಲೆಂಡ್–ಜೆಕ್ ಪ್ರಕರಣದಲ್ಲಿ ಜಗಳ ನಿಜಕ್ಕೂ ಯಾವುದಕ್ಕಿತ್ತು?

2007ರ ಜನವರಿಯಲ್ಲಿ ಅಮೆರಿಕ ತನ್ನ ಎರಡು ಮಿತ್ರದೇಶಗಳ ಬಳಿ ಜಾಗ ಕೇಳಿತು. ಪೋಲೆಂಡ್‌ನಲ್ಲಿ ನೆಲದೊಳಗಿನ ಬಾವಿಗಳಲ್ಲಿ ಹತ್ತು ಇಂಟರ್‌ಸೆಪ್ಟರ್ (ಬರುವ ಕ್ಷಿಪಣಿಯನ್ನು ಹೊಡೆಯುವ ಕ್ಷಿಪಣಿ) ಇಡಬೇಕು, ಜೆಕ್ ಗಣರಾಜ್ಯದಲ್ಲಿ ಒಂದು ದೊಡ್ಡ ರಾಡಾರ್ ನಿಲ್ಲಿಸಬೇಕು. ಮುಂದೊಂದು ದಿನ ಇರಾನ್‌ನಿಂದ ಬರಬಹುದಾದ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದುಹಾಕಲು ಇದೆಲ್ಲ. ರಷ್ಯಾಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ವಾಷಿಂಗ್ಟನ್ ಮೊದಲ ದಿನದಿಂದಲೇ ಹೇಳುತ್ತಾ ಬಂತು.

ಆಗ ರಷ್ಯಾದ ಹತ್ತಿರ ಅಮೆರಿಕವನ್ನು ಮುಟ್ಟಬಲ್ಲ ಅಣು ಸಿಡಿತಲೆಗಳು ಸಾವಿರಗಟ್ಟಲೆ ಇದ್ದವು. ಎದುರಿಗೆ ಇದ್ದದ್ದು ಹತ್ತು ಇಂಟರ್‌ಸೆಪ್ಟರ್, ಅದೂ ಕಾಗದದ ಮೇಲೆ. ಆದರೂ ಮುಂದಿನ ಎರಡೂವರೆ ವರ್ಷ ಎರಡು ದೊಡ್ಡ ದೇಶಗಳ ಸಂಬಂಧ ಇದೇ ವಿಷಯದ ಮೇಲೆ ಕೆಡುತ್ತಾ ಹೋಯಿತು. ಒಂದು ದೇಶದ ಸರ್ಕಾರಕ್ಕೆ ಇದೇ ತಲೆನೋವಾಯಿತು, ಯುರೋಪಿನ ಸೇನೆಗಳ ಮೇಲೆ ಮಿತಿ ಹಾಕಿದ್ದ ಒಂದು ಒಪ್ಪಂದದಿಂದ ರಷ್ಯಾ ಕೈ ತೆಗೆಯಿತು, ಕೊನೆಗೆ ಯೋಜನೆಯೇ ರದ್ದಾಯಿತು, ಅದರ ಜಾಗದಲ್ಲಿ ಬಂದದ್ದು ರಷ್ಯಾಕ್ಕೆ ಇನ್ನೂ ಜಾಸ್ತಿ ಇರಿಸುಮುರಿಸು ತಂದಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೇಳುತ್ತಾರೆ. ರಷ್ಯಾ ಸುಮ್ನೆ ಗಲಾಟೆ ಮಾಡಿತು ಅಂತ ಒಂದು. ಅಮೆರಿಕ ಇರಾನ್ ಹೆಸರು ಹೇಳಿ ರಷ್ಯಾವನ್ನು ಸುತ್ತುವರಿಯಿತು ಅಂತ ಇನ್ನೊಂದು. ನನಗೆ ಎರಡೂ ಅರೆಬೆಂದ ಮಾತು ಅನಿಸುತ್ತವೆ. ಹತ್ತು ಕ್ಷಿಪಣಿಯ ಬಗ್ಗೆ ಮಾಸ್ಕೋಗೆ ನಿಜವಾಗಿ ಚಿಂತೆ ಇರಲಿಲ್ಲ. ಅದರ ಚಿಂತೆ ಇದ್ದದ್ದು ಹನ್ನೊಂದನೆಯದರ ಬಗ್ಗೆ. ಹನ್ನೊಂದನೆಯದು ಬರುವುದಿಲ್ಲ ಎಂದು ಬರೆದುಕೊಡಲು ವಾಷಿಂಗ್ಟನ್‌ನಲ್ಲಿ ಯಾರಿಗೂ ಸಾಧ್ಯವಿರಲಿಲ್ಲ.

ಗುರಾಣಿ ಕಂಡರೆ ಭಯ ಯಾಕೆ

ಕ್ಷಿಪಣಿ ತಡೆಯುವ ಸಾಧನ ಯಾರನ್ನೂ ಕೊಲ್ಲುವುದಿಲ್ಲ ಅಲ್ವಾ, ಮತ್ತೆ ತಕರಾರು ಏನು? ಮೊದಲ ಸಲ ಕೇಳಿದವರಿಗೆಲ್ಲ ಬರುವ ಪ್ರಶ್ನೆ ಇದು. ಉತ್ತರ ಸ್ವಲ್ಪ ತಿರುಚಿದಂತಿದೆ. ಒಂದು ದೇಶ ಮೊದಲು ಹೊಡೆದು ಎದುರಾಳಿಯ ಬಹುಪಾಲು ಕ್ಷಿಪಣಿಗಳನ್ನು ನೆಲದ ಮೇಲೇ ನಾಶ ಮಾಡಿತು ಅಂದುಕೊಳ್ಳಿ. ಎದುರಾಳಿಯ ಬಳಿ ಉಳಿಯುವುದು ಚೂರುಪಾರು. ಆ ಚೂರುಪಾರು ತಿರುಗಿ ಬರುವಾಗ ಅದನ್ನು ತಡೆಯಲು ಭಾರಿ ಗುರಾಣಿ ಬೇಕಿಲ್ಲ, ಸಣ್ಣದೇ ಸಾಕು. ಅಂದರೆ ಸಾವಿರ ಕ್ಷಿಪಣಿಯ ಎದುರು ಕೆಲಸಕ್ಕೆ ಬಾರದ ಗುರಾಣಿ, ಮೊದಲ ಏಟು ಹೊಡೆದವನ ಕೈಯಲ್ಲಿ ಉಪಯೋಗಕ್ಕೆ ಬರುತ್ತದೆ. ಎದುರಾಳಿ ಇದನ್ನು ಮೊದಲೇ ಲೆಕ್ಕ ಹಾಕಿ ತನ್ನ ಕ್ಷಿಪಣಿಗಳ ಸಂಖ್ಯೆ ಹೆಚ್ಚಿಸುತ್ತಾನೆ. ಇವನು ಗುರಾಣಿ ಹೆಚ್ಚಿಸುತ್ತಾನೆ. ಹೀಗೇ ನಡೆಯುತ್ತದೆ.

ಇದನ್ನು ನಿಲ್ಲಿಸಲೆಂದೇ 1972ರ ಮೇ 26ರಂದು ಮಾಸ್ಕೋದಲ್ಲಿ ನಿಕ್ಸನ್ ಮತ್ತು ಬ್ರೆಜ್ನೆವ್ ಎಬಿಎಂ (ಕ್ಷಿಪಣಿ ತಡೆ ವ್ಯವಸ್ಥೆಗಳಿಗೆ ಮಿತಿ ಹಾಕುವ) ಒಪ್ಪಂದಕ್ಕೆ ಸಹಿ ಹಾಕಿದರು. ಪ್ರತಿ ದೇಶಕ್ಕೆ ಎರಡು ತಾಣ, ತಾಣಕ್ಕೆ ನೂರು ಇಂಟರ್‌ಸೆಪ್ಟರ್, ಅದಕ್ಕಿಂತ ಒಂದೂ ಹೆಚ್ಚಿಲ್ಲ. 1974ರಲ್ಲಿ ಅದನ್ನು ಒಂದೇ ತಾಣಕ್ಕೆ ಇಳಿಸಿದರು. ಸೋವಿಯತ್ ಒಕ್ಕೂಟ ಮಾಸ್ಕೋ ನಗರವನ್ನು ಕಾಯಲು ಆರಿಸಿಕೊಂಡಿತು. ಅಮೆರಿಕ ಉತ್ತರ ಡಕೋಟಾದಲ್ಲಿ ಒಂದು ತಾಣ ಕಟ್ಟಿತು, ಕೆಲವೇ ತಿಂಗಳು ನಡೆಸಿ 1976ರಲ್ಲಿ ಮುಚ್ಚಿಬಿಟ್ಟಿತು. ಮಾಸ್ಕೋ ಸುತ್ತಲಿನ ವ್ಯವಸ್ಥೆ ಮಾತ್ರ ಹೊಸ ರೂಪದಲ್ಲಿ ಇವತ್ತಿಗೂ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ರಷ್ಯಾ ಇತರರಿಗೆ ಪಾಠ ಹೇಳುವಾಗ ತನ್ನ ಈ ಗುರಾಣಿಯ ಮಾತು ಎತ್ತುವುದು ಕಡಿಮೆ.

ಈ ಒಪ್ಪಂದದಲ್ಲಿ ನನಗೆ ಮುಖ್ಯ ಅನಿಸುವುದು ಅದರಲ್ಲಿದ್ದ ಸಂಖ್ಯೆ. ಎದುರಾಳಿಯ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವ ಅಗತ್ಯವೇ ಇರಲಿಲ್ಲ. ಉಪಗ್ರಹದಿಂದ ಎಣಿಸಿದರೆ ಸಾಕಿತ್ತು.

2001ರ ಡಿಸೆಂಬರ್ 13ರಂದು ಜಾರ್ಜ್ ಬುಷ್ ಈ ಒಪ್ಪಂದದಿಂದ ಹೊರಬರುವುದಾಗಿ ಘೋಷಿಸಿದರು. ಆರು ತಿಂಗಳ ನೋಟಿಸ್ ಮುಗಿದು 2002ರ ಜೂನ್ 13ಕ್ಕೆ ಅದು ಸತ್ತುಹೋಯಿತು. ಪುಟಿನ್ ಆಗ ಹೇಳಿದ್ದು ಇದು ತಪ್ಪು, ಆದರೆ ರಷ್ಯಾದ ಭದ್ರತೆಗೆ ಇದರಿಂದ ಅಪಾಯವಿಲ್ಲ ಅಂತ. ಒಪ್ಪಂದ ಸತ್ತ ಮರುದಿನವೇ ರಷ್ಯಾ ತಾನು ಸ್ಟಾರ್ಟ್-2 ಒಪ್ಪಂದಕ್ಕೆ ಬದ್ಧವಲ್ಲ ಎಂದಿತು. ನೆಲದ ಮೇಲಿನ ಬಹು-ಸಿಡಿತಲೆ ಕ್ಷಿಪಣಿಗಳನ್ನು ನಿಷೇಧಿಸುತ್ತಿದ್ದ ಒಪ್ಪಂದ ಅದು. ಜಗತ್ತಿನ ಗಮನ ಅಫ್ಘಾನಿಸ್ತಾನದ ಮೇಲಿತ್ತು, ಇದು ಯಾರಿಗೂ ದೊಡ್ಡ ಸುದ್ದಿ ಅನಿಸಲಿಲ್ಲ. ಅಂದಹಾಗೆ, 2001ರ ಮೇ ತಿಂಗಳಲ್ಲಿ ಬುಷ್ ಈ ಯೋಚನೆಯನ್ನು ಮುಂದಿಟ್ಟಾಗ ಬೇಗನೆ ಸ್ವಾಗತಿಸಿದ ದೇಶಗಳಲ್ಲಿ ವಾಜಪೇಯಿ ಸರ್ಕಾರದ ಭಾರತವೂ ಒಂದು. ಪೋಖ್ರಾನ್ ನಂತರದ ನಿರ್ಬಂಧಗಳಿಂದ ಹೊರಬರಲು ದಾರಿ ಹುಡುಕುತ್ತಿದ್ದ ಕಾಲ ಅದು.

ನಕ್ಷೆಯ ಮೇಲೆ ಮೂರನೇ ತಾಣ

ಒಪ್ಪಂದ ಹೋದ ಮೇಲೆ ಅಮೆರಿಕ ಅಲಾಸ್ಕಾದಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಇಂಟರ್‌ಸೆಪ್ಟರ್ ಇಟ್ಟಿತು, ಮುಖ್ಯವಾಗಿ ಉತ್ತರ ಕೊರಿಯಾವನ್ನು ಮನಸ್ಸಿನಲ್ಲಿಟ್ಟುಕೊಂಡು. ಇರಾನ್ ದಿಕ್ಕಿಗೆ ಬೇಕಾದದ್ದು ಮೂರನೆಯದು. ಇರಾನ್‌ನಿಂದ ಅಮೆರಿಕದ ಪೂರ್ವ ಕರಾವಳಿಗೆ ಹಾರುವ ಕ್ಷಿಪಣಿ ಯುರೋಪಿನ ಮೇಲಿಂದಲೇ ಹೋಗಬೇಕು. ಹಾಗಾಗಿ ಇಂಟರ್‌ಸೆಪ್ಟರ್‌ಗೆ ಪೋಲೆಂಡ್‌ನ ಉತ್ತರದ ರೆಡ್ಜಿಕೋವೊ ಎಂಬ ಹಳೆ ವಾಯುನೆಲೆ, ರಾಡಾರ್‌ಗೆ ಪ್ರಾಗ್‌ನ ನೈಋತ್ಯಕ್ಕಿರುವ ಬ್ರ್ಡಿ ಎಂಬ ಕಾಡಿನ ಮಿಲಿಟರಿ ಪ್ರದೇಶ. ರಾಡಾರ್ ಹೊಸದೂ ಅಲ್ಲ, ಪೆಸಿಫಿಕ್‌ನ ಕ್ವಾಜಲೀನ್ ದ್ವೀಪದಲ್ಲಿ ಪರೀಕ್ಷೆಗೆ ಬಳಸುತ್ತಿದ್ದದ್ದನ್ನೇ ಸುಧಾರಿಸಿ ಇಲ್ಲಿಗೆ ತರುವ ಯೋಜನೆ. ಇಂಟರ್‌ಸೆಪ್ಟರ್ ಮಾತ್ರ ಹೊಸದು: ಅಲಾಸ್ಕಾದ್ದು ಮೂರು ಹಂತದ್ದು, ಪೋಲೆಂಡ್‌ಗೆ ಎರಡು ಹಂತದ್ದು ಬೇಕಿತ್ತು, ಅದನ್ನು ಇನ್ನೂ ಪರೀಕ್ಷಿಸಿರಲಿಲ್ಲ.

ಅಮೆರಿಕದ ತಾಂತ್ರಿಕ ವಾದ ಗಟ್ಟಿಯಾಗಿಯೇ ಇತ್ತು. ರಷ್ಯಾದ ಖಂಡಾಂತರ ಕ್ಷಿಪಣಿಗಳು ಅಮೆರಿಕಕ್ಕೆ ಹೋಗುವುದು ಉತ್ತರ ಧ್ರುವದ ಕಡೆಯಿಂದ, ಪೋಲೆಂಡ್ ಮೇಲಿಂದ ಅಲ್ಲ. ಅವುಗಳನ್ನು ಪೋಲೆಂಡ್‌ನಿಂದ ಹಿಡಿಯಬೇಕಾದರೆ ಹಿಂದಿನಿಂದ ಅಟ್ಟಿಸಿಕೊಂಡು ಹೋಗಬೇಕು, ಅಷ್ಟು ವೇಗ ಇಲ್ಲ ಎಂದರು. ಥಿಯೊಡೋರ್ ಪೋಸ್ಟಲ್ ಮತ್ತು ಜಾರ್ಜ್ ಲೂಯಿಸ್ ಎಂಬ ಅಮೆರಿಕದ ವಿಜ್ಞಾನಿಗಳೇ ಇದನ್ನು ಒಪ್ಪಲಿಲ್ಲ. ರಷ್ಯಾದ ಪಶ್ಚಿಮ ಭಾಗದಿಂದ ಏಳುವ ಕೆಲವು ಕ್ಷಿಪಣಿಗಳನ್ನು ಇವು ಹಿಡಿಯಬಲ್ಲವು ಎಂದು ಅವರು ಲೆಕ್ಕ ತೋರಿಸಿದರು. ಈ ವಾದ ವರ್ಷಗಟ್ಟಲೆ ನಡೆಯಿತು. ಆದರೆ ಪೋಸ್ಟಲ್ ಲೆಕ್ಕವೇ ಸರಿ ಅಂದುಕೊಂಡರೂ ಹತ್ತರಲ್ಲಿ ಐದು ಗುರಿ ಹೊಡೆದರೆ ಹೆಚ್ಚು, ಯಾಕಂದರೆ ಒಂದು ಗುರಿಗೆ ಎರಡಾದರೂ ಹಾರಿಸಬೇಕಾಗುತ್ತದೆ.

ಇರಾನ್ ವಾದ ಅಷ್ಟು ಗಟ್ಟಿಯಿರಲಿಲ್ಲ. ಆಗ ಇರಾನ್ ಕೈಯಲ್ಲಿದ್ದ ಶಹಾಬ್-3 ಕ್ಷಿಪಣಿಯ ವ್ಯಾಪ್ತಿ ಸುಮಾರು 1300 ಕಿ.ಮೀ. ಟೆಹರಾನ್‌ನಿಂದ ವಾರ್ಸಾಗೆ 3000 ಕಿ.ಮೀ. ಆಸುಪಾಸು. ಅಮೆರಿಕದ ಮಾತಂತೂ ಬೇಡ. ಸಾಲದ್ದಕ್ಕೆ 2007ರ ಡಿಸೆಂಬರ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗಳೇ ಒಟ್ಟಾಗಿ ಒಂದು ವರದಿ ಕೊಟ್ಟು, ಇರಾನ್ 2003ರ ಕೊನೆಯಲ್ಲೇ ಅಣ್ವಸ್ತ್ರ ತಯಾರಿಕೆಯ ಕಾರ್ಯಕ್ರಮ ನಿಲ್ಲಿಸಿದೆ ಎಂದು ಬಿಟ್ಟವು. ಬುಷ್ ಸರ್ಕಾರಕ್ಕೆ ಇದಕ್ಕಿಂತ ಕೆಟ್ಟ ಸಮಯದಲ್ಲಿ ಆ ವರದಿ ಬರಲು ಸಾಧ್ಯವಿರಲಿಲ್ಲ.

ಈಗ ಮಾಸ್ಕೋದಲ್ಲಿ ಕೂತು ನೋಡಿ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಕಾಣುತ್ತೇವಲ್ಲ, ಪಕ್ಕದ ಸೈಟಿನವರು ಒಂದೇ ಅಂತಸ್ತು ಕಟ್ಟುತ್ತೇವೆ ಅಂತಾರೆ, ತಾರಸಿ ಮೇಲೆ ಮಾತ್ರ ಪಿಲ್ಲರ್ ಕಂಬಿಗಳು ಉದ್ದಕ್ಕೆ ಚಾಚಿಕೊಂಡಿರುತ್ತವೆ. ಕಂಬಿ ನೋಡಿದವರು ಅಂತಸ್ತು ಎಣಿಸುವುದಿಲ್ಲ, ಪಾಯ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕುತ್ತಾರೆ. ರಷ್ಯಾದ ಸೇನಾ ಯೋಜಕರೂ ಅದನ್ನೇ ಮಾಡಿದರು. ರಾಡಾರ್ ಇದೆ, ನೆಲೆ ಇದೆ, ಸೈನಿಕರಿದ್ದಾರೆ, ಕಾನೂನಿನ ತಡೆ ಇಲ್ಲ. ಹತ್ತು ನೂರಾಗಲು ಏನು ಕಷ್ಟ?

ಪುಟಿನ್ ಕೊಟ್ಟ ಆಫರ್, ಗೇಟ್ಸ್ ಕೊಟ್ಟ ಆಫರ್

2007ರ ಫೆಬ್ರವರಿ 10ರಂದು ಪುಟಿನ್ ಮ್ಯೂನಿಕ್‌ನಲ್ಲಿ ಅಮೆರಿಕದ ವಿರುದ್ಧ ಮಾಡಿದ ಕಟು ಭಾಷಣ ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ ನಡೆದದ್ದು. ಯಾಕಂದರೆ ಆ ನಾಲ್ಕೈದು ತಿಂಗಳಲ್ಲಿ ಎರಡೂ ಕಡೆಯವರು ಒಂದು ದಾರಿ ಹುಡುಕುತ್ತಿದ್ದಂತೆ ಕಾಣುತ್ತದೆ.

ಜೂನ್ 7ರಂದು ಜರ್ಮನಿಯ ಹೈಲಿಗೆಂಡಾಮ್‌ನಲ್ಲಿ ಜಿ-8 ಸಭೆ. ಪುಟಿನ್ ಎಲ್ಲರನ್ನೂ ಚಕಿತಗೊಳಿಸಿದರು. ಇರಾನ್ ಮೇಲೆ ಕಣ್ಣಿಡಬೇಕು ತಾನೆ, ಅಜರ್‌ಬೈಜಾನ್‌ನ ಗಬಾಲಾದಲ್ಲಿ ನಾವು ಬಾಡಿಗೆಗೆ ಪಡೆದಿರುವ ರಾಡಾರ್ ಇದೆ, ಒಟ್ಟಿಗೆ ಬಳಸೋಣ ಎಂದರು. ಜುಲೈ ಮೊದಲಲ್ಲಿ ಬುಷ್ ಕುಟುಂಬದ ಕೆನೆಬಂಕ್‌ಪೋರ್ಟ್ ಮನೆಗೆ ಹೋದಾಗ ದಕ್ಷಿಣ ರಷ್ಯಾದ ಅರ್ಮಾವಿರ್‌ನಲ್ಲಿ ಕಟ್ಟುತ್ತಿದ್ದ ಹೊಸ ರಾಡಾರನ್ನೂ ಸೇರಿಸಿದರು. (ದೋಣಿಯಲ್ಲಿ ಮೀನು ಹಿಡಿಯಲು ಹೋದವರಲ್ಲಿ ಮೀನು ಸಿಕ್ಕಿದ್ದು ಪುಟಿನ್‌ಗೆ ಮಾತ್ರ, ಅದು ಬೇರೆ ಕಥೆ.) ಅಮೆರಿಕದವರು ಥ್ಯಾಂಕ್ಸ್ ಹೇಳಿದರು, ಆದರೆ ಇವು ದೂರದಿಂದ ಎಚ್ಚರಿಕೆ ಕೊಡುವ ರಾಡಾರ್‌ಗಳು, ಇಂಟರ್‌ಸೆಪ್ಟರ್‌ಗೆ ಗುರಿ ತೋರಿಸುವಷ್ಟು ನಿಖರ ಅಲ್ಲ, ಜೆಕ್ ರಾಡಾರ್ ಜೊತೆಗೆ ಬೇಕಾದರೆ ಇರಲಿ, ಅದರ ಬದಲಿಗೆ ಆಗುವುದಿಲ್ಲ ಎಂದರು. ತಾಂತ್ರಿಕವಾಗಿ ಈ ಮಾತು ಸರಿ. ಆದರೆ ಪುಟಿನ್ ತಂದದ್ದು ತಾಂತ್ರಿಕ ಪರಿಹಾರವೇ ಆಗಿರಲಿಲ್ಲ. ಗುಂಡಿ ಒತ್ತುವ ಕೋಣೆಯಲ್ಲಿ ರಷ್ಯಾದವರಿಗೂ ಒಂದು ಕುರ್ಚಿ ಬೇಕು ಎನ್ನುವುದು ಅದರ ತಿರುಳು. ಒಪ್ಪಿದ್ದರೆ ಇಂಟರ್‌ಸೆಪ್ಟರ್ ಸಂಖ್ಯೆ ಹೆಚ್ಚಿಸಲು ಮಾಸ್ಕೋದ ಅನುಮತಿ ಬೇಕಾಗುತ್ತಿತ್ತು, ಬಾಯಿಬಿಟ್ಟು ಹೇಳದಿದ್ದರೂ.

ಅಕ್ಟೋಬರ್ 12ರಂದು ವಿದೇಶಾಂಗ ಕಾರ್ಯದರ್ಶಿ ಕೊಂಡೊಲೀಜಾ ರೈಸ್ ಮತ್ತು ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಮಾಸ್ಕೋಗೆ ಹೋದರು. ಪುಟಿನ್ ಅವರನ್ನು ಬಹಳ ಹೊತ್ತು ಕಾಯಿಸಿ, ಆಮೇಲೆ ಕ್ಯಾಮೆರಾಗಳ ಮುಂದೆ ಕೂರಿಸಿಕೊಂಡು, ಮುಂದೊಂದು ದಿನ ಚಂದ್ರನ ಮೇಲೂ ಕ್ಷಿಪಣಿ ರಕ್ಷಣೆ ಇಡಬಹುದೇನೋ ಎಂದು ಕುಟುಕಿದರು. ಕ್ಯಾಮೆರಾ ಹೋದ ಮೇಲೆ ಗೇಟ್ಸ್ ಇಟ್ಟ ಪ್ರಸ್ತಾಪ ಮಾತ್ರ ಗಂಭೀರವಾಗಿತ್ತು. ರಷ್ಯಾದ ಅಧಿಕಾರಿಗಳು ಈ ತಾಣಗಳಲ್ಲಿ ಇದ್ದು ನೋಡಬಹುದು. ಇರಾನ್ ಅಂಥ ಕ್ಷಿಪಣಿಯನ್ನು ನಿಜವಾಗಿ ಪರೀಕ್ಷಿಸುವವರೆಗೆ ವ್ಯವಸ್ಥೆಯನ್ನು ಚಾಲೂ ಮಾಡದೆ ಕಾಯಬಹುದು. ಇಡೀ ಪ್ರಕರಣದಲ್ಲಿ ಒಪ್ಪಂದಕ್ಕೆ ಅತಿ ಹತ್ತಿರ ಬಂದ ಗಳಿಗೆ ಇದೇ ಎಂಬುದು ನನ್ನ ಅನಿಸಿಕೆ.

ಇದು ಮುರಿದದ್ದು ಎಲ್ಲಿ? ಪ್ರಾಗ್‌ನಲ್ಲಿ ಮತ್ತು ವಾರ್ಸಾದಲ್ಲಿ. ತಮ್ಮ ನೆಲದ ಮೇಲೆ ರಷ್ಯಾದ ಸೈನ್ಯಾಧಿಕಾರಿಗಳು ಕೂರುತ್ತಾರೆ ಎನ್ನುವುದನ್ನು ತಮ್ಮನ್ನು ಕೇಳದೆ ಮಾತಾಡಿದ್ದಾರೆ ಎಂದು ಅಲ್ಲಿ ಸಿಟ್ಟು. 1968ರಲ್ಲಿ ಬಂದ ಸೋವಿಯತ್ ಸೇನೆ ಜೆಕೊಸ್ಲೊವಾಕಿಯಾ ಬಿಟ್ಟು ಹೋದದ್ದು 1991ರಲ್ಲಿ. ಅದೇ ಬ್ರ್ಡಿ ಕಾಡಿನಲ್ಲಿ, ರಾಡಾರ್ ಬರಬೇಕಿದ್ದ ಜಾಗದ ಹತ್ತಿರದ ಮೀಶೊವ್ ಬಳಿ, ಸೋವಿಯತ್ ಅಣು ಸಿಡಿತಲೆಗಳಿಗೆಂದು ಕಟ್ಟಿದ ಬಂಕರ್ ಇದೆ. ಈಗ ಅದು ಮ್ಯೂಸಿಯಂ. ಇಂಥ ಊರಿನವರ ಹತ್ತಿರ ಹೋಗಿ, ರಷ್ಯಾದವರು ಕಾಯಂ ಆಗಿ ಬಂದಿರುತ್ತಾರೆ, ಬರೀ ನೋಡಲು, ಎಂದರೆ ಹೇಗಿರುತ್ತದೆ? ನವೆಂಬರ್‌ನಲ್ಲಿ ಅಮೆರಿಕ ಇದನ್ನು ಬರಹದಲ್ಲಿ ಕಳಿಸುವ ಹೊತ್ತಿಗೆ ಕಾಯಂ ಹಾಜರಿ ಹೋಗಿ ಆತಿಥೇಯ ದೇಶ ಒಪ್ಪಿದರೆ ಭೇಟಿ ಎನ್ನುವಷ್ಟಕ್ಕೆ ತೆಳುವಾಗಿತ್ತು. ಬಾಯಲ್ಲಿ ಹೇಳಿದ್ದು ಒಂದು, ಕಾಗದದಲ್ಲಿ ಬಂದದ್ದು ಇನ್ನೊಂದು ಎಂದು ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್ ಬಹಿರಂಗವಾಗಿ ದೂರಿದರು. ಡಿಸೆಂಬರ್ 12ರಿಂದ ಯುರೋಪಿನ ಸಾಂಪ್ರದಾಯಿಕ ಸೇನೆಗಳ ಒಪ್ಪಂದವನ್ನು (ಸಿಎಫ್‌ಇ) ರಷ್ಯಾ ಅಮಾನತಿನಲ್ಲಿಟ್ಟಿತು.

ಜೆಕ್ ಬೇರೆ, ಪೋಲೆಂಡ್ ಬೇರೆ

ದೊಡ್ಡವರ ಜಗಳದ ಕಥೆಗಳಲ್ಲಿ ಸಣ್ಣ ದೇಶಗಳು ಬರೀ ನಕ್ಷೆಯ ಮೇಲಿನ ಚುಕ್ಕಿಗಳಾಗಿಬಿಡುತ್ತವೆ. ಇಲ್ಲಿ ಹಾಗಾಗಲಿಲ್ಲ.

ಜೆಕ್‌ನಲ್ಲಿ ಪ್ರಧಾನಿ ಟೊಪೊಲಾನೆಕ್ ಸರ್ಕಾರ ರಾಡಾರ್ ಪರ, ಜನ ವಿರುದ್ಧ. ಸಮೀಕ್ಷೆ ಮೇಲೆ ಸಮೀಕ್ಷೆಯಲ್ಲಿ ಮೂರನೇ ಎರಡರಷ್ಟು ಜನ ಬೇಡ ಎಂದರು. ಬ್ರ್ಡಿ ಸುತ್ತಲಿನ ಹಳ್ಳಿಗಳು ತಾವೇ ಜನಮತ ತೆಗೆದುಕೊಂಡವು, 2008ರಲ್ಲಿ ಇಬ್ಬರು ಕಾರ್ಯಕರ್ತರು ಉಪವಾಸ ಕೂತರು. ವಿರೋಧಿಸಿದವರೆಲ್ಲ ರಷ್ಯಾದ ಪರ ಅಂತ ಬಯ್ಯುವುದು ಸುಲಭವಿತ್ತು, ಕೆಲವರು ಬಯ್ದರು ಕೂಡ. ಆದರೆ ಒಂದು ವಿದೇಶಿ ಸೇನೆ ಹೋಗಿ ಹದಿನೈದು ವರ್ಷವಾಗಿದೆ, ಇನ್ನೊಂದನ್ನು ಯಾಕೆ ಕರೆಯಬೇಕು ಎನ್ನುವುದು ಅಲ್ಲಿನ ಸಾಮಾನ್ಯರ ಸರಳ ಪ್ರಶ್ನೆಯಾಗಿತ್ತು. 2008ರ ಜುಲೈ 8ರಂದು ಪ್ರಾಗ್‌ನಲ್ಲಿ ರೈಸ್ ಮತ್ತು ಜೆಕ್ ವಿದೇಶಾಂಗ ಸಚಿವ ಶ್ವಾರ್ಜೆನ್‌ಬರ್ಗ್ ಸಹಿ ಹಾಕಿದರು. ಸೆನೆಟ್ ಒಪ್ಪಿತು. ಕೆಳಮನೆಯಲ್ಲಿ ಸೋಲು ಖಚಿತವಾದಾಗ 2009ರ ಮಾರ್ಚ್‌ನಲ್ಲಿ ಸರ್ಕಾರವೇ ಒಪ್ಪಂದವನ್ನು ಹಿಂದಕ್ಕೆ ತೆಗೆದುಕೊಂಡಿತು. ಮುಂದಿನ ವಾರ ಸರ್ಕಾರವೇ ಬಿತ್ತು.

ಪೋಲೆಂಡ್‌ನ ಲೆಕ್ಕವೇ ಬೇರೆ. ಅವರಿಗೆ ಇರಾನ್ ಬಗ್ಗೆ ಒಂದು ಚೂರೂ ಭಯವಿರಲಿಲ್ಲ. ಬೇಕಿದ್ದದ್ದು ಅಮೆರಿಕದ ಸೈನಿಕರು ತಮ್ಮ ನೆಲದ ಮೇಲೆ ಇರುವುದು. ಪೋಲೆಂಡ್ ನ್ಯಾಟೋದಲ್ಲಿತ್ತು ನಿಜ, ಆದರೆ 1939ರಲ್ಲೂ ಬ್ರಿಟನ್, ಫ್ರಾನ್ಸ್ ಜೊತೆ ಕಾಗದದ ಮೇಲೆ ಒಪ್ಪಂದವಿತ್ತು, ಅದು ಪೋಲೆಂಡನ್ನು ಉಳಿಸಲಿಲ್ಲ. ಹಾಗಾಗಿ 2007ರ ಕೊನೆಯಲ್ಲಿ ಪ್ರಧಾನಿಯಾದ ಡೊನಾಲ್ಡ್ ಟಸ್ಕ್ ಚೌಕಾಸಿಗೆ ಇಳಿದರು. ನಿಮ್ಮ ಗುರಾಣಿ ಬಂದರೆ ನಾವು ರಷ್ಯಾದ ಗುರಿಯಾಗುತ್ತೇವೆ, ಅದಕ್ಕೆ ಬದಲಾಗಿ ಪೇಟ್ರಿಯಟ್ ವಾಯುರಕ್ಷಣಾ ಕ್ಷಿಪಣಿ ಕೊಡಿ, ಸೇನೆ ಆಧುನಿಕಗೊಳಿಸಿ ಎಂದರು. ಅಮೆರಿಕದ ಆಫರ್ ಸಾಲದು ಎಂದು 2008ರ ಜುಲೈ 4ರಂದು ಬಹಿರಂಗವಾಗಿ ಹೇಳಿದರು, ಅಮೆರಿಕದ ಸ್ವಾತಂತ್ರ್ಯ ದಿನದಂದೇ.

ಆಗಸ್ಟ್ 8ಕ್ಕೆ ಜಾರ್ಜಿಯಾ ಯುದ್ಧ. ರಷ್ಯಾದ ಟ್ಯಾಂಕ್‌ಗಳು ಗಡಿ ದಾಟಿದವು. ಒಂದೂವರೆ ವರ್ಷ ಎಳೆದಾಡಿದ ಚೌಕಾಸಿ ಒಂದು ವಾರದಲ್ಲಿ ಮುಗಿದು ಆಗಸ್ಟ್ 14ರಂದು ಮಾತುಕತೆ ಪಕ್ಕಾ ಆಯಿತು, 20ರಂದು ವಾರ್ಸಾದಲ್ಲಿ ರೈಸ್ ಮತ್ತು ವಿದೇಶಾಂಗ ಸಚಿವ ಸಿಕೊರ್ಸ್ಕಿ ಸಹಿ ಹಾಕಿದರು. ನಡುವೆ 15ರಂದು ರಷ್ಯಾದ ಜನರಲ್ ನೊಗೊವಿತ್ಸಿನ್, ಪೋಲೆಂಡ್ ನೂರಕ್ಕೆ ನೂರು ತನ್ನನ್ನು ದಾಳಿಗೆ ಒಡ್ಡಿಕೊಳ್ಳುತ್ತಿದೆ ಎಂದರು. ಇರಾನ್ ಕ್ಷಿಪಣಿ ತಡೆಯುವ ಒಪ್ಪಂದಕ್ಕೆ ಜಾರ್ಜಿಯಾದ ಯುದ್ಧ ವೇಗ ಕೊಟ್ಟಿತು ಎನ್ನುವುದೇ ಎಲ್ಲವನ್ನೂ ಹೇಳುತ್ತದೆ. ರಷ್ಯಾಕ್ಕೆ ಸಂಬಂಧವಿಲ್ಲ ಎಂದು ವಾಷಿಂಗ್ಟನ್ ಹೇಳುತ್ತಿದ್ದ ವಸ್ತುವನ್ನು ವಾರ್ಸಾ ಕೊಂಡದ್ದು ರಷ್ಯಾದ ಭಯಕ್ಕೇ.

ನವೆಂಬರ್ 5ರಂದು, ಒಬಾಮಾ ಗೆದ್ದ ಮರುದಿನ, ರಷ್ಯಾದ ಅಧ್ಯಕ್ಷ ಮೆಡ್ವೆಡೆವ್ ತಮ್ಮ ಮೊದಲ ವಾರ್ಷಿಕ ಭಾಷಣದಲ್ಲಿ ಪೋಲೆಂಡ್ ಗಡಿಗೆ ತಾಗಿರುವ ರಷ್ಯಾದ ತುಂಡು ಪ್ರದೇಶ ಕಲಿನಿನ್‌ಗ್ರಾಡ್‌ಗೆ ಇಸ್ಕಂದರ್ ಕ್ಷಿಪಣಿ ತರುವುದಾಗಿ ಬೆದರಿಸಿದರು. ಕಲಿನಿನ್‌ಗ್ರಾಡ್‌ನಿಂದ ರೆಡ್ಜಿಕೋವೊಗೆ ಸುಮಾರು 230 ಕಿ.ಮೀ., ಇಸ್ಕಂದರ್ ಅದರ ಎರಡರಷ್ಟು ಹಾರುತ್ತದೆ.

ರದ್ದು, ಆಮೇಲೆ

2009ರ ಸೆಪ್ಟೆಂಬರ್ 17ರಂದು ಒಬಾಮಾ ಯೋಜನೆ ರದ್ದು ಮಾಡಿದರು. ಜೆಕ್ ಪ್ರಧಾನಿ ಫಿಶರ್‌ಗೆ ಮಧ್ಯರಾತ್ರಿ ಫೋನ್ ಬಂತು. ದಿನಾಂಕ ಗಮನಿಸಿ: ಸೋವಿಯತ್ ಸೇನೆ ಪೂರ್ವದಿಂದ ಪೋಲೆಂಡ್‌ಗೆ ನುಗ್ಗಿದ 1939ರ ಸೆಪ್ಟೆಂಬರ್ 17ಕ್ಕೆ ಆವತ್ತು ಸರಿಯಾಗಿ 70 ವರ್ಷ. ಶ್ವೇತಭವನದಲ್ಲಿ ಕ್ಯಾಲೆಂಡರ್ ನೋಡುವವರು ಒಬ್ಬರೂ ಇರಲಿಲ್ಲವೇ ಎಂದು ಪೋಲೆಂಡ್‌ನವರು ಕೇಳಿದರೆ ತಪ್ಪೇನು?

ಮೂಲ ಯೋಜನೆಯನ್ನು ಶಿಫಾರಸು ಮಾಡಿದ್ದ ಗೇಟ್ಸ್ ಈಗ ಒಬಾಮಾ ಸರ್ಕಾರದಲ್ಲೂ ರಕ್ಷಣಾ ಕಾರ್ಯದರ್ಶಿ, ಬದಲಾವಣೆಯನ್ನು ಸಮರ್ಥಿಸಿದ್ದೂ ಅವರೇ. ಇರಾನ್‌ನ ಖಂಡಾಂತರ ಕ್ಷಿಪಣಿ ದೂರದಲ್ಲಿದೆ, ಕಿರು ಮತ್ತು ಮಧ್ಯಮ ವ್ಯಾಪ್ತಿಯವು ಬೇಗ ಬೆಳೆಯುತ್ತಿವೆ, ಅದಕ್ಕೆ ಹಡಗಿನ ಮೇಲಿನ ಎಸ್‌ಎಂ-3 ಇಂಟರ್‌ಸೆಪ್ಟರ್ ಸರಿ ಎಂದರು. ವಾದ ಸರಿಯಾಗಿಯೇ ಇತ್ತು. ಪುಟಿನ್ ಇದನ್ನು ಧೈರ್ಯದ, ಸರಿಯಾದ ನಿರ್ಧಾರ ಎಂದರು. ಬದಲಿಗೆ ಏನೂ ಕೇಳಿಲ್ಲ ಎಂದು ಒಬಾಮಾ ಹೇಳಿದರೂ ನಂತರದ ಒಂದು ವರ್ಷದಲ್ಲಿ ಬಂದದ್ದು ಕಡಿಮೆಯೇನಲ್ಲ. 2010ರ ಏಪ್ರಿಲ್‌ನಲ್ಲಿ ಅಣ್ವಸ್ತ್ರಗಳಿಗೆ ಮಿತಿ ಹಾಕುವ ಹೊಸ ಸ್ಟಾರ್ಟ್ ಒಪ್ಪಂದ, ಜೂನ್‌ನಲ್ಲಿ ಇರಾನ್ ಮೇಲಿನ ನಿರ್ಬಂಧಕ್ಕೆ ಭದ್ರತಾ ಮಂಡಳಿಯಲ್ಲಿ ರಷ್ಯಾದ ಮತ, ಸೆಪ್ಟೆಂಬರ್‌ನಲ್ಲಿ ಇರಾನ್‌ಗೆ ಎಸ್-300 ವಾಯುರಕ್ಷಣಾ ಕ್ಷಿಪಣಿಗಳ ಮಾರಾಟಕ್ಕೆ ಮೆಡ್ವೆಡೆವ್ ತಡೆ.

ಆದರೆ ಹೊಸ ಯೋಜನೆಯೂ ಹಂತ ಹಂತವಾಗಿ ಬೆಳೆಯುವಂಥದ್ದು. ಟರ್ಕಿಯಲ್ಲಿ ರಾಡಾರ್, ರೊಮೇನಿಯಾದ ದೆವೆಸೆಲುವಿನಲ್ಲಿ ನೆಲದ ಮೇಲೆ ಎಸ್‌ಎಂ-3, ಆಮೇಲೆ ಮತ್ತೆ ಪೋಲೆಂಡ್‌ನ ಅದೇ ರೆಡ್ಜಿಕೋವೊ, ಕೊನೆಗೆ ನಾಲ್ಕನೇ ಹಂತದಲ್ಲಿ ಖಂಡಾಂತರ ಕ್ಷಿಪಣಿಯನ್ನೂ ತಡೆಯುವ ಹೊಸ ಮಾದರಿ. ಮಾಸ್ಕೋ ಮತ್ತೆ ಮೊದಲಿಗೆ ಬಂತು: ಇದು ನಮ್ಮ ವಿರುದ್ಧ ಅಲ್ಲ ಎಂದು ಕಾನೂನುಬದ್ಧವಾಗಿ ಬರೆದುಕೊಡಿ. ಒಬಾಮಾಗೆ ಮನಸ್ಸಿದ್ದರೂ ಆಗುತ್ತಿರಲಿಲ್ಲ, ಹೊಸ ಸ್ಟಾರ್ಟ್‌ಗೆ ಒಪ್ಪಿಗೆ ಕೊಡುವಾಗಲೇ ಸೆನೆಟ್, ಇದರಿಂದ ಕ್ಷಿಪಣಿ ರಕ್ಷಣೆಗೆ ಮಿತಿ ಬೀಳಬಾರದು ಎಂದು ಪಟ್ಟು ಹಿಡಿದಿತ್ತು. 2012ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಮೈಕ್ ಆನ್ ಇರುವುದು ಗೊತ್ತಾಗದೆ, ಚುನಾವಣೆ ಮುಗಿದ ಮೇಲೆ ನನಗೆ ಇನ್ನಷ್ಟು ಸಡಿಲ ಸಿಗುತ್ತದೆ ಎಂದು ಒಬಾಮಾ ಮೆಡ್ವೆಡೆವ್‌ಗೆ ಹೇಳಿದ್ದು ಇದೇ ವಿಷಯಕ್ಕೆ. 2013ರಲ್ಲಿ ನಾಲ್ಕನೇ ಹಂತ ಕೈಬಿಟ್ಟರು. ಇದೇನೂ ನಮಗೆ ಮಾಡಿದ ರಿಯಾಯಿತಿ ಅಲ್ಲ ಎಂದು ರಷ್ಯಾ ಮುಖ ತಿರುಗಿಸಿತು.

ಈ ಕಥೆಯ ಬಾಲದಲ್ಲಿ ಎರಡು ಘಟನೆ ಮುಖ್ಯ. ದೆವೆಸೆಲುವಿನಲ್ಲಿರುವ ಉಡಾವಣಾ ಪೆಟ್ಟಿಗೆ ಯುದ್ಧನೌಕೆಗಳಲ್ಲಿ ಟೊಮಾಹಾಕ್ ಎಂಬ ದಾಳಿ ಕ್ಷಿಪಣಿ ಹಾರಿಸುವ ಎಂಕೆ-41 ಕುಟುಂಬದ್ದೇ. ಇದರಲ್ಲಿ ದಾಳಿ ಕ್ಷಿಪಣಿಯನ್ನೂ ಇಡಬಹುದು ಎಂದು ರಷ್ಯಾ ವರ್ಷಗಟ್ಟಲೆ ದೂರಿತು, ನೆಲದ ಮೇಲಿನದ್ದಕ್ಕೆ ಆ ಸಾಮರ್ಥ್ಯ ಕೊಟ್ಟಿಲ್ಲ ಎಂದು ಅಮೆರಿಕ ಅಷ್ಟೇ ವರ್ಷ ಹೇಳಿತು. 2019ರ ಆಗಸ್ಟ್ 2ಕ್ಕೆ, ನೆಲದಿಂದ ಹಾರಿಸುವ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ಎರಡೂ ದೇಶಗಳಿಗೆ ನಿಷೇಧಿಸಿದ್ದ ಐಎನ್‌ಎಫ್ ಒಪ್ಪಂದ ಮುಗಿಯಿತು. ಆಗಸ್ಟ್ 18ರಂದು ಅಮೆರಿಕ ಕ್ಯಾಲಿಫೋರ್ನಿಯಾ ಬಳಿಯ ದ್ವೀಪದಲ್ಲಿ ನೆಲದ ಮೇಲಿಟ್ಟ ಎಂಕೆ-41ನಿಂದಲೇ ಒಂದು ಟೊಮಾಹಾಕ್ ಹಾರಿಸಿ ತೋರಿಸಿತು. ಅದು ರೊಮೇನಿಯಾದ ಪೆಟ್ಟಿಗೆಯಲ್ಲ, ನಿಜ. ಆದರೂ ಹದಿನಾರು ದಿನ ಕಾಯುವಷ್ಟೂ ಕಷ್ಟಪಡಬೇಕಿತ್ತೇ? ಎರಡನೆಯದು 2020ರ ನವೆಂಬರ್‌ನಲ್ಲಿ. ರೆಡ್ಜಿಕೋವೊಗೆಂದು ನಿಗದಿಯಾಗಿದ್ದ ಎಸ್‌ಎಂ-3 ಬ್ಲಾಕ್ 2ಎ ಇಂಟರ್‌ಸೆಪ್ಟರ್ ಪೆಸಿಫಿಕ್ ಮೇಲೆ ಖಂಡಾಂತರ ಕ್ಷಿಪಣಿಯನ್ನು ಹೋಲುವ ಗುರಿಯನ್ನು ಹೊಡೆಯಿತು. ಇದು ಖಂಡಾಂತರ ಕ್ಷಿಪಣಿಗಳಿಗಲ್ಲ ಎಂದು ಮೊದಲು ಹೇಳುತ್ತಾ ಬಂದಿದ್ದ ಮಾದರಿಯೇ ಅದು.

ಹಾಗಂತ ಅಮೆರಿಕ ಸುಳ್ಳು ಹೇಳಿತು ಅನ್ನಲು ನನಗೆ ಆಗುವುದಿಲ್ಲ. ಪ್ರತಿ ಭರವಸೆಯೂ ಕೊಟ್ಟ ದಿನ ನಿಜವೇ ಆಗಿತ್ತು. ಆದರೆ ಒಂದು ಯಂತ್ರ ಇವತ್ತು ಏನು ಮಾಡಲಾರದು ಎನ್ನುವ ಭರವಸೆ, ಹತ್ತು ವರ್ಷದಲ್ಲಿ ಬೇರೆ ಎಂಜಿನಿಯರ್‌ಗಳ, ಬೇರೆ ಅಧ್ಯಕ್ಷರ ಕೈಯಲ್ಲಿ ಹಳಸಿಹೋಗುತ್ತದೆ. ಇಷ್ಟು ಇಡಬಹುದು, ಇದಕ್ಕಿಂತ ಹೆಚ್ಚು ಇಡಬಾರದು ಎಂಬ ಬರಹ ಹಾಗಲ್ಲ. 2002ರಲ್ಲಿ ಕಳೆದುಹೋದದ್ದು ಅದು.

ರಷ್ಯಾದ ಪಾತ್ರವೂ ಶುದ್ಧವಲ್ಲ. ಐಎನ್‌ಎಫ್ ಒಪ್ಪಂದಕ್ಕೆ ವಿರುದ್ಧವಾದ 9ಎಂ729 ಕ್ಷಿಪಣಿಯನ್ನು ರಷ್ಯಾ ಮಾಡಿತು ಎನ್ನುವುದು ನ್ಯಾಟೋ ದೇಶಗಳ ಒಮ್ಮತದ ಆರೋಪ, ರಷ್ಯಾ ಅದನ್ನು ಅಲ್ಲಗಳೆಯುತ್ತದೆ. 2018ರ ಮಾರ್ಚ್ 1ರಂದು ಪುಟಿನ್ ಸರ್ಮಾತ್, ಅವನ್‌ಗಾರ್ಡ್ ಮುಂತಾದ ಹೊಸ ಅಸ್ತ್ರಗಳ ವಿಡಿಯೊ ತೋರಿಸಿ, ಅಮೆರಿಕ ಎಬಿಎಂ ಬಿಟ್ಟದ್ದೇ ಇದಕ್ಕೆಲ್ಲ ಕಾರಣ, ಆಗ ನಮ್ಮ ಮಾತು ಯಾರೂ ಕೇಳಲಿಲ್ಲ, ಈಗ ಕೇಳಿ ಎಂದರು. ಸರ್ಮಾತ್ ಹೇಗೂ ಸೋವಿಯತ್ ಕಾಲದ ಹಳೆ ಭಾರಿ ಕ್ಷಿಪಣಿಗಳ ಜಾಗಕ್ಕೆ ಬೇಕಾಗಿದ್ದದ್ದು. ಎಲ್ಲವನ್ನೂ ಎಬಿಎಂ ತಲೆಗೆ ಕಟ್ಟಿದ್ದು ಅನುಕೂಲದ ಮಾತು. ಮತ್ತೆ, ಪೋಲೆಂಡ್‌ನಲ್ಲಿ ಅಮೆರಿಕದ ಸೈನಿಕರು ಇರುವುದೇ ಮಾಸ್ಕೋಗೆ ಬೇಡವಾಗಿತ್ತು. ಇಂಟರ್‌ಸೆಪ್ಟರ್ ಬದಲು ಆಸ್ಪತ್ರೆ ಕಟ್ಟುತ್ತೇವೆ ಎಂದಿದ್ದರೂ ಒಂದಿಷ್ಟು ಗೊಣಗಾಟ ಇದ್ದೇ ಇರುತ್ತಿತ್ತು.

ನಮ್ಮ ಕಡೆಯೂ ಇದೇ ಲೆಕ್ಕ ನಡೆಯುತ್ತಿದೆ. ಭಾರತದ ಕ್ಷಿಪಣಿ ರಕ್ಷಣೆಯ ಸ್ವೋರ್ಡ್‌ಫಿಶ್ ರಾಡಾರ್ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಎಲ್‌ಆರ್‌ಡಿಇಯಲ್ಲಿ, ಇಸ್ರೇಲ್ ಸಹಕಾರದಲ್ಲಿ ರೂಪುಗೊಂಡದ್ದು. 2017ರ ಜನವರಿಯಲ್ಲಿ ಪಾಕಿಸ್ತಾನ ಬಹು-ಸಿಡಿತಲೆಯ ಅಬಾಬೀಲ್ ಪರೀಕ್ಷಿಸಿದಾಗ, ಪ್ರದೇಶದಲ್ಲಿ ಬೆಳೆಯುತ್ತಿರುವ ಕ್ಷಿಪಣಿ ರಕ್ಷಣೆಯ ಎದುರು ತನ್ನ ಕ್ಷಿಪಣಿಗಳು ಉಳಿಯಬೇಕು ಎಂಬುದನ್ನೇ ಕಾರಣವಾಗಿ ಕೊಟ್ಟಿತು. ನಮ್ಮ ಟಿವಿ ಚರ್ಚೆಗಳಲ್ಲಿ ರಾಡಾರ್ ಒಂದು ಸುದ್ದಿ, ಅಬಾಬೀಲ್ ಇನ್ನೊಂದು ಸುದ್ದಿ. ಎರಡನ್ನೂ ಜೋಡಿಸಿ ಮಾತಾಡಿದವರು ಕಡಿಮೆ.

ಜೆಕ್‌ನ ಬ್ರ್ಡಿ 2016ರಲ್ಲಿ ಸಂರಕ್ಷಿತ ಕಾಡಾಯಿತು. ರೆಡ್ಜಿಕೋವೊ ನೆಲೆ 2024ರ ನವೆಂಬರ್ 13ರಂದು ಅಧಿಕೃತವಾಗಿ ಉದ್ಘಾಟನೆಯಾಯಿತು. ಆಗಲೂ ಪೋಲೆಂಡ್‌ನ ಪ್ರಧಾನಿ ಟಸ್ಕ್, ವಿದೇಶಾಂಗ ಸಚಿವ ಸಿಕೊರ್ಸ್ಕಿ, ಇಬ್ಬರೂ ಎರಡನೇ ಇನಿಂಗ್ಸ್‌ನಲ್ಲಿ. ಅದು ತಮ್ಮ ಮೊದಲ ಗುರಿಗಳ ಪಟ್ಟಿಯಲ್ಲಿದೆ ಎಂದು ನವೆಂಬರ್ 21ರಂದು ರಷ್ಯಾದ ವಿದೇಶಾಂಗ ವಕ್ತಾರೆ ಜಖಾರೊವಾ ಹೇಳಿದರು.

ಅದಕ್ಕೆ ಮೊದಲು, 2022ರ ಜನವರಿಯ ಕೊನೆಯಲ್ಲಿ, ಉಕ್ರೇನ್ ಗಡಿಯಲ್ಲಿ ರಷ್ಯಾದ ಸೇನೆ ಜಮಾಯಿಸಿದ್ದಾಗ, ರಷ್ಯಾ ಇಟ್ಟಿದ್ದ ಭದ್ರತಾ ಬೇಡಿಕೆಗಳಿಗೆ ಅಮೆರಿಕ ಮಾಸ್ಕೋಗೆ ಲಿಖಿತ ಉತ್ತರ ಕಳಿಸಿತ್ತು. ಅದು ಪತ್ರಿಕೆಗೆ ಸೋರಿಕೆಯಾದಾಗ ಅದರಲ್ಲಿ ಕಂಡ ಒಂದು ಅಂಶ: ದೆವೆಸೆಲು ಮತ್ತು ರೆಡ್ಜಿಕೋವೊಗಳಲ್ಲಿ ಟೊಮಾಹಾಕ್ ಇಲ್ಲ ಎಂದು ಖಚಿತಪಡಿಸಿಕೊಳ್ಳುವ ವ್ಯವಸ್ಥೆಯ ಬಗ್ಗೆ ಮಾತಾಡಲು ಸಿದ್ಧ, ಬದಲಿಗೆ ರಷ್ಯಾದಲ್ಲೂ ಎರಡು ನೆಲೆ ನೋಡಲು ಬಿಡಬೇಕು, ಆತಿಥೇಯ ದೇಶಗಳೂ ಒಪ್ಪಬೇಕು. 2007ರ ಅಕ್ಟೋಬರ್‌ನಲ್ಲಿ ಗೇಟ್ಸ್ ಮಾಸ್ಕೋದಲ್ಲಿ ಇಟ್ಟ ಪ್ರಸ್ತಾಪದ ದೂರದ ನೆಂಟನಂತಿತ್ತು ಇದು, ಹದಿನಾಲ್ಕು ವರ್ಷ ತಡವಾಗಿ. ನಮ್ಮ ಬೇಡಿಕೆಗಳು ಒಂದು ಪ್ಯಾಕೇಜ್, ಅದರಲ್ಲಿ ನಿಮಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳುವಂತಿಲ್ಲ ಎಂದು ಫೆಬ್ರವರಿ 17ರಂದು ರಷ್ಯಾ ಮರು ಉತ್ತರ ಕೊಟ್ಟಿತು. ಯುದ್ಧ ಶುರುವಾದದ್ದು 24ಕ್ಕೆ.